ಸಭೆ ಕೊಡುವ ಮಾತು

ಹುಟ್ಟು, ಮದುವೆ, ಬೇನೆ, ಸಾವು - ಈ ನಾಲ್ಕು ಗಳಿಗೆಗಳಲ್ಲಿ ಮನುಷ್ಯನಿಗೆ ಒಬ್ಬಂಟಿಗನಾಗಿರುವುದು ಬಲು ಕಷ್ಟ. ನಾಲ್ಕು ಜನ ಬಂದು ಸೇರಬೇಕು, ಹಿರಿಯರಿಂದ ಬಂದ ನಾಲ್ಕು ಮಾತು ಕಿವಿಗೆ ಬೀಳಬೇಕು. ಆಗಲೇ ಮನಸ್ಸಿಗೆ ಒಂದಿಷ್ಟು ನೆಮ್ಮದಿ. ಷೋಡಶ ಸಂಸ್ಕಾರಗಳ ಎಣಿಕೆಯನ್ನು ಬಲ್ಲ ಭಾರತೀಯ ಗೃಹಸ್ಥನಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಅಮೆರಿಕದ ಎಪಿಸ್ಕೋಪಲ್ ಕ್ರೈಸ್ತರಲ್ಲಿ ಈ ಎಣಿಕೆ ಏಳಕ್ಕೆ ನಿಂತಿದೆ. ಆ ಏಳರ ಒಳಗೆ ಅಡಗಿರುವ ಒಂದು ಸಣ್ಣ ಪ್ರಶ್ನೆ ಮಾತ್ರ ಯಾವ ದೇಶದವರಾದರೂ ಒಮ್ಮೆ ನಿಂತು ಆಲೋಚಿಸತಕ್ಕದ್ದು.

ಈ ಸಭೆ ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಕೂಸು. ಅಮೆರಿಕ ಸ್ವತಂತ್ರವಾದ ಮೇಲೆ ಅಲ್ಲಿನವರಿಗೆ ತಮ್ಮದೇ ಬಿಷಪ್ ಬೇಕಾಯಿತು. ಆದರೆ ಇಂಗ್ಲೆಂಡಿನಲ್ಲಿ ಅಭಿಷೇಕ ಪಡೆಯಬೇಕಾದರೆ ದೊರೆಗೆ ನಿಷ್ಠೆಯ ಪ್ರಮಾಣ ಮಾಡಬೇಕು. ದೊರೆಯನ್ನು ತೊರೆದುಬಂದವರು ಆ ಪ್ರಮಾಣ ಮಾಡುವುದು ಹೇಗೆ? ಕಡೆಗೆ ಸ್ಯಾಮ್ಯುಯೆಲ್ ಸೀಬರಿ ಎಂಬಾತ 1784ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ನಗರಕ್ಕೆ ಹೋಗಿ ಅಲ್ಲಿನ ಬಿಷಪ್ಪರಿಂದ ಅಭಿಷೇಕ ಪಡೆದು ಬಂದ. ‘ಎಪಿಸ್ಕೋಪಲ್’ ಎಂದರೆ ಬಿಷಪ್ಪರುಳ್ಳ ಸಭೆ ಎಂದೇ ಅರ್ಥ. 1549ರಲ್ಲಿ ಥಾಮಸ್ ಕ್ರ್ಯಾನ್ಮರನ ಮುಂದಾಳುತನದಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ‘ಸಾಮಾನ್ಯ ಪ್ರಾರ್ಥನೆಯ ಪುಸ್ತಕ’ವನ್ನು ಅಮೆರಿಕದವರು 1789ರಲ್ಲಿ ತಮಗೆ ಬೇಕಾದಂತೆ ತಿದ್ದಿಕೊಂಡರು. ಈಗ ಬಳಕೆಯಲ್ಲಿರುವುದು 1979ರ ಆವೃತ್ತಿ.

ಆ ಪುಸ್ತಕದ ಪ್ರಕಾರ ಸಂಸ್ಕಾರವೆಂದರೆ ಕಣ್ಣಿಗೆ ಕಾಣದ ದೈವಕೃಪೆಗೆ ಕಣ್ಣಿಗೆ ಕಾಣುವ ಕುರುಹು. ನೀರು, ರೊಟ್ಟಿ, ದ್ರಾಕ್ಷಾರಸ, ಎಣ್ಣೆ, ತಲೆಯ ಮೇಲಿಟ್ಟ ಕೈ - ಇಷ್ಟೇ ಸಾಮಗ್ರಿ. ದೀಕ್ಷಾಸ್ನಾನ ಮತ್ತು ಪ್ರಭುಭೋಜನ ಇವೆರಡು ಸ್ವತಃ ಕ್ರಿಸ್ತನೇ ವಿಧಿಸಿದ ಮಹಾಸಂಸ್ಕಾರಗಳು. ದೃಢೀಕರಣ, ಗುರುದೀಕ್ಷೆ, ವಿವಾಹ, ಪಾಪನಿವೇದನೆ, ರೋಗಿಗಳ ತೈಲಾಭ್ಯಂಗ ಇವು ಉಳಿದ ಐದು. ಎಲ್ಲರಿಗೂ ಎಲ್ಲವೂ ಕಡ್ಡಾಯವಲ್ಲ.

ದೀಕ್ಷಾಸ್ನಾನ ಸಾಮಾನ್ಯವಾಗಿ ಭಾನುವಾರದ ಆರಾಧನೆಯ ನಡುವೆ, ಸಭೆಯೆಲ್ಲ ನೆರೆದಿರುವಾಗಲೇ ನಡೆಯಬೇಕು. ತಂದೆತಾಯಿಗಳೂ ಧರ್ಮಪಿತೃಗಳೂ ಮಗುವಿನ ಪರವಾಗಿ ಪ್ರತಿಜ್ಞೆ ಮಾಡುತ್ತಾರೆ. ಆಮೇಲೆ ಗುರು ಸಭೆಯ ಕಡೆಗೆ ತಿರುಗಿ, ಈ ಮಗುವಿನ ಕ್ರೈಸ್ತ ಜೀವನಕ್ಕೆ ನಿಮ್ಮ ಕೈಲಾದುದನ್ನೆಲ್ಲ ಮಾಡಿ ಆಸರೆಯಾಗುವಿರಾ ಎಂದು ಕೇಳುತ್ತಾನೆ. ಮಗುವಿನ ಹೆಸರನ್ನೇ ಅರಿಯದ ಹಿಂದಿನ ಸಾಲಿನ ಮುದುಕಿಯೂ, ಗಡಿಯಾರ ನೋಡುತ್ತ ಕುಳಿತ ತರುಣನೂ, ಆಗುವೆವು ಎಂದು ಉತ್ತರ ಕೊಡುತ್ತಾರೆ. ಆಮೇಲೆಯೇ ನೀರು, ಆಮೇಲೆಯೇ ಹಣೆಯ ಮೇಲೆ ಶಿಲುಬೆಯ ಗುರುತು. ಆಸ್ಪತ್ರೆಯಲ್ಲಿ ಕೂಸಿನ ಜೀವಕ್ಕೇ ಅಪಾಯವೊದಗಿದರೆ ಗುರುವಿಗಾಗಿ ಕಾಯಬೇಕಾಗಿಲ್ಲ. ದೀಕ್ಷಾಸ್ನಾನ ಪಡೆದ ಯಾರೇ ಆಗಲಿ, ದಾದಿಯಾಗಲಿ ನೆರೆಯವಳಾಗಲಿ, ನೀರು ಹಾಕಬಹುದು. ಆದರೆ ಕೂಸು ಬದುಕಿ ಉಳಿದರೆ ಅದನ್ನು ಮತ್ತೆ ಸಭೆಯ ಮುಂದೆ ತರಬೇಕು. ನೀರು ಎರಡನೆಯ ಸಲ ಹಾಕುವುದಿಲ್ಲ. ಸಭೆಗೆ ತನ್ನ ಮಾತು ಕೊಡುವ ಅವಕಾಶ ತಪ್ಪಬಾರದು.

ಪ್ರಭುಭೋಜನದ ಕಥೆ ಬೇರೆ. ಹಿಂದೆ ಅನೇಕ ಊರುಗಳಲ್ಲಿ ಅದು ತಿಂಗಳಿಗೊಮ್ಮೆ ಮಾತ್ರ ಬರುತ್ತಿತ್ತು. 1979ರ ಪುಸ್ತಕ ಅದನ್ನೇ ಪ್ರತಿ ಭಾನುವಾರದ ಮುಖ್ಯ ಆರಾಧನೆಯಾಗಿ ಮಾಡಿತು. ಬ್ಯಾಂಕಿನ ಯಜಮಾನನೂ ಅದೇ ಬ್ಯಾಂಕಿನ ಕಸ ಗುಡಿಸುವವನೂ ವೇದಿಕೆಯ ಕಟಕಟೆಗೆ ಒಂದೇ ಸಾಲಿನಲ್ಲಿ ಬಂದು, ಕೈಚಾಚಿ ರೊಟ್ಟಿಯ ತುಣುಕನ್ನು ಪಡೆದು, ಒಂದೇ ಪಾತ್ರೆಯಿಂದ ಗುಟುಕರಿಸುತ್ತಾರೆ. ಅದಕ್ಕೆ ಮೊದಲು ಅಕ್ಕಪಕ್ಕದವರು ಪರಸ್ಪರ ಕೈಹಿಡಿದು ಶಾಂತಿಯನ್ನು ಹಾರೈಸುವ ಪದ್ಧತಿ ಉಂಟು. ಇದರಲ್ಲಿ ದಕ್ಷಿಣ ಭಾರತದ ಪಾಲೂ ಇದೆಯೆಂಬುದು ಹಲವರಿಗೆ ತಿಳಿಯದು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಉದಯಿಸಿದ ದಕ್ಷಿಣ ಭಾರತ ಸಭೆ, ಕನ್ನಡ ನಾಡಿನ ಸಿ.ಎಸ್.ಐ. ದೇವಾಲಯಗಳು ಸೇರಿರುವ ಸಭೆ, 1950ರಲ್ಲಿ ಹೊರತಂದ ಆರಾಧನಾಕ್ರಮದಲ್ಲಿ ಕೈಯಿಂದ ಕೈಗೆ ಶಾಂತಿ ದಾಟಿಸುವ ಈ ಹಳೆಯ ಪದ್ಧತಿಯನ್ನು ಕೇರಳದ ಸಿರಿಯನ್ ಕ್ರೈಸ್ತರಿಂದ ಎತ್ತಿಕೊಂಡಿತು. ಮುಂದೆ ಪಶ್ಚಿಮದ ಸಭೆಗಳು ತಮ್ಮ ಪುಸ್ತಕಗಳನ್ನು ತಿದ್ದುವಾಗ ಈ ಮೇಲ್ಪಂಕ್ತಿ ಅವರ ಕಣ್ಣ ಮುಂದಿತ್ತು. 2020ರಲ್ಲಿ ಕೊರೋನಾ ವ್ಯಾಧಿ ಹಬ್ಬಿದಾಗ ಆ ಕೈಕುಲುಕೂ ನಿಂತಿತು, ಆ ಪಾತ್ರೆಯೂ ನಿಂತಿತು. ಪ್ರಾರ್ಥನೆಯನ್ನು ಪರದೆಯ ಮೇಲೆ ಕೇಳಬಹುದು. ರೊಟ್ಟಿಯನ್ನು ಮಾತ್ರ ಒಬ್ಬರು ಇನ್ನೊಬ್ಬರ ಅಂಗೈಗೆ ಇಡಲೇಬೇಕು. ಸಂಸ್ಕಾರಕ್ಕೆ ಇನ್ನೊಬ್ಬ ಮನುಷ್ಯನ ದೇಹಸಾನ್ನಿಧ್ಯ ಎಷ್ಟು ಅಗತ್ಯವೆಂಬುದು ಆಗ ತಿಳಿದಂತೆ ಮತ್ತೆಂದೂ ತಿಳಿದಿರಲಾರದು.

ಬಾಲ್ಯದಲ್ಲಿ ತನ್ನ ಪರವಾಗಿ ಇತರರು ಆಡಿದ ಮಾತನ್ನು ಬೆಳೆದವನು ತಾನೇ ಆಡುವುದು ದೃಢೀಕರಣ. ಅದಕ್ಕೆ ಬಿಷಪ್ ಬಂದು ತಲೆಯ ಮೇಲೆ ಕೈಯಿಡಬೇಕು. ಇನ್ನು ವಿವಾಹ. ಹೆಂಡತಿ ಗಂಡನ ಆಜ್ಞೆಯಲ್ಲಿರುವೆನೆಂಬ ಮಾತನ್ನು ಅಮೆರಿಕದ ಪುಸ್ತಕ 1928ರಲ್ಲಿಯೇ ಕೈಬಿಟ್ಟಿತು. ಮದುವೆಯ ಇಚ್ಛೆಯನ್ನು ಗುರುವಿಗೆ ಕನಿಷ್ಠ 30 ದಿನ ಮುಂಚೆ ತಿಳಿಸಬೇಕು. ಇಬ್ಬರು ಸಾಕ್ಷಿಗಳಾದರೂ ಬೇಕು. ವಧೂವರರ ಒಪ್ಪಿಗೆ ಕೇಳಿದ ಬೆನ್ನಲ್ಲೇ ಗುರು ಇಲ್ಲಿಯೂ ಸಭೆಯ ಕಡೆಗೆ ತಿರುಗುತ್ತಾನೆ: ಈ ಇಬ್ಬರ ದಾಂಪತ್ಯಕ್ಕೆ ನೀವು ಒತ್ತಾಸೆಯಾಗುವಿರಾ? ಊಟಕ್ಕೆಂದು ಬಂದ ನೆಂಟನೂ ಇದಕ್ಕೆ ಉತ್ತರ ಕೊಡಬೇಕು.

ಇಂಥ ಮಾತು ಎಷ್ಟು ತೂಕದ್ದೆಂಬುದು ಗುರುದೀಕ್ಷೆಯ ಚರಿತ್ರೆಯಲ್ಲಿ ತಿಳಿದುಬರುತ್ತದೆ. ಅಭ್ಯರ್ಥಿಯ ಬಗ್ಗೆ ಆಕ್ಷೇಪವಿದ್ದರೆ ಹೇಳಿರೆಂದು ಬಿಷಪ್ ಸಭೆಯನ್ನು ಕೇಳುವುದು ವಾಡಿಕೆ. 1974ರ ಜುಲೈ 29ರಂದು ಫಿಲಡೆಲ್ಫಿಯಾದಲ್ಲಿ, ಸಭೆಯ ಅಪ್ಪಣೆಯಿಲ್ಲದೆಯೇ, ಹನ್ನೊಂದು ಮಂದಿ ಸ್ತ್ರೀಯರಿಗೆ ಗುರುದೀಕ್ಷೆ ಕೊಟ್ಟಾಗ ಆಕ್ಷೇಪವುಳ್ಳವರು ಎದ್ದುನಿಂತು ಹೇಳಿದರು. ಆದರೂ ದೀಕ್ಷೆ ನಡೆಯಿತು. ಎರಡು ವರ್ಷಗಳ ಬಳಿಕ, 1976ರಲ್ಲಿ, ಸಭೆಯ ಮಹಾಸಮ್ಮೇಳನ ಸ್ತ್ರೀಯರಿಗೆ ಬಾಗಿಲು ತೆರೆಯಿತು. 1989ರಲ್ಲಿ ಬಾರ್ಬರಾ ಹ್ಯಾರಿಸ್ ಎಂಬ ಕರಿಯ ಮಹಿಳೆ ಆಂಗ್ಲಿಕನ್ ಜಗತ್ತಿನಲ್ಲಿಯೇ ಮೊದಲ ಸ್ತ್ರೀ ಬಿಷಪ್ ಆದಳು. 2015ರಲ್ಲಿ ಒಂದೇ ಲಿಂಗದವರ ವಿವಾಹಕ್ಕೂ ಅನುಮತಿ ದೊರೆತಾಗ ವಾದ ಮತ್ತೊಮ್ಮೆ ಬಿಸಿಯೇರಿತು. ‘ಆಗುವೆವು’ ಎನ್ನುವ ಸಭೆ ಯಾರಿಗೆ ಹಾಗೆನ್ನಬೇಕೆಂಬುದರ ಮೇಲೆ ಜಗಳವಾಡಿದ ಸಭೆಯೂ ಹೌದು.

ಜನರನ್ನು ಹೊರಗಿಟ್ಟು ನಡೆಯುವ ಸಂಸ್ಕಾರ ಪಾಪನಿವೇದನೆಯೊಂದೇ. ಅಲ್ಲಿ ಗುರು ಮತ್ತು ಪಶ್ಚಾತ್ತಾಪಪಟ್ಟವನು, ಇಬ್ಬರೇ. ಕೇಳಿದ ಮಾತನ್ನು ಗುರು ಯಾವ ಕಾರಣಕ್ಕೂ ಹೊರಗೆಡಹುವಂತಿಲ್ಲ. ಬೇನೆಯವರ ವಿಷಯ ಹಾಗಲ್ಲ. ಗುರು ಹಾಸಿಗೆಯ ಬಳಿಗೆ ಬಂದು ಹಣೆಗೆ ಎಣ್ಣೆ ಸವರಿ ಪ್ರಾರ್ಥಿಸುತ್ತಾನೆ. ಇದಕ್ಕೆ ಕೊನೆಗಾಲವೇ ಬರಬೇಕೆಂದೇನೂ ಇಲ್ಲ. ಏಳಲಾರದವರಿಗಾಗಿ ಭಾನುವಾರದ ವೇದಿಕೆಯಿಂದಲೇ ರೊಟ್ಟಿಯನ್ನೂ ರಸವನ್ನೂ ಸಾಮಾನ್ಯ ಸಭಾಸದರೇ ಮನೆಗೆ ಒಯ್ದುಕೊಡುವುದೂ ಉಂಟು. ದೇವಾಲಯಕ್ಕೆ ಬರಲಾರದವಳ ಮನೆಯ ಕದವನ್ನು ದೇವಾಲಯವೇ ಬಂದು ತಟ್ಟುತ್ತದೆ.

ಉತ್ತರಕ್ರಿಯೆ ಏಳರಲ್ಲಿ ಸೇರದಿದ್ದರೂ ಅದಿಲ್ಲದೆ ಲೆಕ್ಕ ಪೂರ್ತಿಯಾಗದು. ಆರಾಧನೆ ಆರಂಭವಾಗುವ ಮೊದಲೇ ಶವಪೆಟ್ಟಿಗೆಯನ್ನು ಮುಚ್ಚಿಬಿಡಬೇಕು. ಅದರ ಮೇಲೆ ದೇವಾಲಯದ ಹೊದಿಕೆ ಹಾಸುತ್ತಾರೆ. ಒಳಗಿನ ಪೆಟ್ಟಿಗೆ ತೇಗದ್ದೋ, ಅಗ್ಗದ ಹಲಗೆಯದೋ, ನೋಡುವವರಿಗೆ ತಿಳಿಯದು. ಹೊದಿಕೆ ಎಲ್ಲರಿಗೂ ಒಂದೇ. ಇನ್ನೊಂದು ವಿಶೇಷವುಂಟು. ಆರೋಗ್ಯವಾಗಿರುವಾಗಲೇ ಉಯಿಲು ಬರೆದಿಡಬೇಕು, ಹೆಂಡತಿಮಕ್ಕಳಿಗೆ ಏರ್ಪಾಡು ಮಾಡಬೇಕು ಎಂದು ಗುರು ಆಗಾಗ ಜನಕ್ಕೆ ತಿಳಿಯಹೇಳಬೇಕೆಂದು ಪ್ರಾರ್ಥನೆಯ ಪುಸ್ತಕವೇ ವಿಧಿಸುತ್ತದೆ. ಈ ಸೂಚನೆ ಇರುವುದು ಮರಣದ ಭಾಗದಲ್ಲಲ್ಲ, ಮಗು ಹುಟ್ಟಿದ್ದಕ್ಕೆ ಸಲ್ಲಿಸುವ ಕೃತಜ್ಞತೆಯ ಭಾಗದ ಕೊನೆಯಲ್ಲಿ! ಸಂಸಾರದ ಅನುಭವವುಳ್ಳವರು ಬರೆದ ಮಾತೆಂದು ಯಾರಾದರೂ ಒಪ್ಪಿಯಾರು.

ಸಭೆ ಕೊಟ್ಟ ಈ ಮಾತಿಗೆ ಸಹಿಯಿಲ್ಲ, ಮೊಹರಿಲ್ಲ. ತಪ್ಪಿದರೆ ಕೇಳುವ ನ್ಯಾಯಾಲಯವೂ ಇಲ್ಲ. ದೀಕ್ಷಾಸ್ನಾನದ ದಿನ ಒಕ್ಕೊರಲಿನಿಂದ ಒಪ್ಪಿಕೊಂಡವರಲ್ಲಿ, ಆ ಮಗು ಹದಿನಾರನೆಯ ವಯಸ್ಸಿನಲ್ಲಿ ದಾರಿತಪ್ಪಿದಾಗ ಅದರ ಮನೆಗೆ ಹೋಗುವವರೆಷ್ಟು ಮಂದಿ? ಮದುವೆಯ ದಿನ ಒತ್ತಾಸೆಯಾಗುವೆವೆಂದವರಲ್ಲಿ, ಗಂಡಹೆಂಡಿರ ನಡುವೆ ಮಾತು ನಿಂತಾಗ ಕೇಳಿಯೂ ಕೇಳದಂತೆ ಇರುವವರೆಷ್ಟು ಮಂದಿ? ಮಂತ್ರವನ್ನು ತಪ್ಪಿಲ್ಲದೆ ಹೇಳುವುದು ಗುರುವಿನ ಕೆಲಸ. ಅದು ಒಂದು ಗಳಿಗೆಯಲ್ಲಿ ಮುಗಿಯುತ್ತದೆ. ನೆರೆದವರ ಕೆಲಸ ದೇವಾಲಯದ ಮೆಟ್ಟಿಲಿಳಿದ ಮೇಲೆ ಆರಂಭವಾಗಿ, ವರ್ಷಾನುವರ್ಷ ನಡೆಯುತ್ತದೆ.