ಅಣ್ಣನವರ ಛಾಯಾಯಂತ್ರ

ಪೆಂಟಾಕ್ಸ್ ಕೆ ೧೦೦೦ ಎಂಬ ಛಾಯಾಯಂತ್ರವೊಂದು ಕಳೆದ ಕಾರ್ತಿಕಮಾಸದಿಂದ ನಮ್ಮ ವಶದಲ್ಲಿರುವುದು. ಇದು ನಮ್ಮ ಅಣ್ಣನವರದು. ಅವರು ಬಹರೈನಿನಲ್ಲಿ ಲೆಕ್ಕಪತ್ರದ ಉದ್ಯೋಗದಲ್ಲಿದ್ದಾಗ ೧೯೮೩ರಲ್ಲಿ ಕೊಂಡು ತಂದುದು. ಅಣ್ಣನವರು ತೀರಿಕೊಂಡು ಆರು ವರುಷಗಳಾದುವು. ಅಷ್ಟು ಕಾಲವೂ ಅದು ತೀರ್ಥಹಳ್ಳಿಯ ಕಡೆಯ ನಮ್ಮ ಹಿರಿಯರ ಮನೆಯಲ್ಲಿ, ತೊಗಲಿನ ಚೀಲದೊಳಗೆ, ಗೋಡೆಯ ಕಪಾಟಿನಲ್ಲಿ ಮಲಗಿದ್ದಿತು. ಈಗ ಆ ಮನೆಯು ಉಳಿಯುವಂತಿರಲಿಲ್ಲ. ಪಾಲುದಾರರು ಐವರು, ವಾಸವಾಗಿದ್ದವರು ಅತ್ತಿಗೆಯವರೊಬ್ಬರೇ. ಕಂಬ, ತೊಲೆ, ಬಾಗಿಲುಗಳನ್ನು ಮರದ ವ್ಯಾಪಾರದವರು ಕೊಂಡು, ಹೋಳಿಹುಣ್ಣಿಮೆ ಕಳೆದೊಡನೆ ಬಿಚ್ಚುವುದೆಂದು ಮಾತಾಗಿದ್ದಿತು. ಆಗ ಅತ್ತಿಗೆಯವರು ಆ ಚೀಲವನ್ನು ತಂದು ನಮ್ಮ ಮುಂದಿಟ್ಟು, “ಮೇಷ್ಟ್ರೇ, ಊರೂರಿನ ಪಟ ತೆಗೆದರು, ಮನೆಯದೊಂದು ತೆಗೆಯಲಿಲ್ಲ. ಮನೆ ಎಲ್ಲಿಗೆ ಹೋಗುತ್ತೆ, ನಾಳೆ ತೆಗೆದರಾಯಿತು ಅನ್ನುತ್ತಿದ್ದರು. ಇದರಲ್ಲೇ ತೆಗೆದುಕೊಡಿ” ಎಂದರು. ನಮ್ಮನ್ನು ಊರೆಲ್ಲ ಮೇಷ್ಟ್ರೆಂದೇ ಕರೆಯುವುದು, ಅತ್ತಿಗೆಯವರೂ ಹಾಗೆಯೇ.

ಬೆಂಗಳೂರಿನಲ್ಲಿರುವ ಅಣ್ಣನ ಮಗನು, “ಚಿಕ್ಕಪ್ಪ, ಫೋನಿನಲ್ಲಾದರೆ ಐದು ನಿಮಿಷದ ಕೆಲಸ, ಇಷ್ಟು ಪ್ರಯಾಸವೇಕೆ?” ಎಂದನು. ಮಾತು ಸುಳ್ಳಲ್ಲ. ಫೋನಿನ ಚಿತ್ರಗಳನ್ನು ಹಳಿಯುವುದು ನಮ್ಮ ಉದ್ದೇಶವೂ ಅಲ್ಲ. ಅವನೂ ಬಂದು ನೂರಾರು ತೆಗೆದುಕೊಂಡು ಹೋದನು. ಆದರೆ ಅತ್ತಿಗೆಯವರು ಕೇಳಿದುದು ಬೇರೆ. ಗಂಡನು ಮಾಡದೆ ಉಳಿಸಿದ ಕೆಲಸವು ಅವನ ಉಪಕರಣದಿಂದಲೇ ನಡೆಯಬೇಕೆಂಬುದು ಅವರ ಮನಸ್ಸು. ನಾವು ಮೂವತ್ತೆರಡು ವರುಷ ಹುಡುಗರಿಂದ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದವರೇ ಹೊರತು ಛಾಯಾಗ್ರಹಣವನ್ನು ಬಲ್ಲವರಲ್ಲ. ಆದರೂ ಮನೆಯನ್ನು ಬಿಚ್ಚುವುದಕ್ಕೆ ನಾಲ್ಕು ತಿಂಗಳ ಅವಧಿಯಿದ್ದಿತು. ಪರೀಕ್ಷೆಗೆ ಓದುವ ಹುಡುಗನಂತೆ ಕುಳಿತು ಕಲಿತೆವು. ಇಂತಹ ಯಂತ್ರಗಳು ವಾಚಕರಲ್ಲಿ ಕೆಲವರ ಮನೆಯ ಅಟ್ಟದ ಮೇಲೂ ಇರಬಹುದಾದುದರಿಂದ ಕಲಿತುದನ್ನು ಇಲ್ಲಿ ಹೇಳುತ್ತೇವೆ.

ಇದನ್ನು ನಿರ್ಮಿಸಿದವರು ಜಪಾನಿನ ಅಸಾಹಿ ಕಂಪೆನಿಯವರು. ೧೯೧೯ರಲ್ಲಿ ಟೋಕಿಯೋದಲ್ಲಿ ಆರಂಭವಾದ ಸಂಸ್ಥೆಯದು. ಅಸಾಹಿಯೆಂದರೆ ಆ ಭಾಷೆಯಲ್ಲಿ ಬೆಳಗಿನ ಸೂರ್ಯನೆಂದರ್ಥ. ಬೆಳಕಿನ ವ್ಯಾಪಾರಕ್ಕೆ ತಕ್ಕ ಹೆಸರು. (ನಮ್ಮ ದೇಶದಲ್ಲಿಯೂ ಉದಕಮಂಡಲದಲ್ಲಿದ್ದ ಸರ್ಕಾರದ ಫಿಲ್ಮು ಕಾರ್ಖಾನೆಯವರು ತಮ್ಮ ಫಿಲ್ಮಿಗೆ ‘ಇಂದು’ ಎಂದು ಹೆಸರಿಟ್ಟಿದ್ದರು. ಅವರು ಸೂರ್ಯನಾದರೆ ನಾವು ಚಂದ್ರ! ಆ ಕಾರ್ಖಾನೆಯು ಈಗ ಮುಚ್ಚಿಹೋಗಿದೆ.) ಕೆ ೧೦೦೦ ಮಾದರಿಯು ೧೯೭೬ರಲ್ಲಿ ಹೊರಬಂದು ೧೯೯೭ರವರೆಗೆ ಹೆಚ್ಚಿನ ಬದಲಾವಣೆಯಿಲ್ಲದೆ ತಯಾರಾಗುತ್ತಿದ್ದಿತು, ಮೊದಲು ಜಪಾನಿನಲ್ಲಿ, ಆಮೇಲೆ ಹಾಂಗ್‌ಕಾಂಗಿನಲ್ಲಿ, ಕಡೆಗೆ ಚೀನದಲ್ಲಿ. ಅನೇಕ ದೇಶಗಳಲ್ಲಿ ಛಾಯಾಗ್ರಹಣದ ಉಪಾಧ್ಯಾಯರು ವಿದ್ಯಾರ್ಥಿಗಳಿಗೆ ಇದನ್ನೇ ಸೂಚಿಸುತ್ತಿದ್ದರು. ಕಾರಣ ಸ್ಪಷ್ಟವಾಗಿದೆ: ಇದು ತಾನಾಗಿ ಏನನ್ನೂ ಮಾಡದು. ಎಲ್ಲವೂ ಹಲ್ಲುಚಕ್ರ, ಸ್ಪ್ರಿಂಗುಗಳ ಕೆಲಸ. ಗುಂಡಿಯಷ್ಟು ದೊಡ್ಡದಾದ ಬ್ಯಾಟರಿಯೊಂದುಂಟು. ಅದು ಬೆಳಕನ್ನು ಅಳೆಯುವ ಮುಳ್ಳಿಗೆ ಮಾತ್ರ. ಅದು ಸತ್ತರೂ ಚಿತ್ರ ತೆಗೆಯುವುದಕ್ಕೆ ಅಡ್ಡಿಯಿಲ್ಲ.

ಇನ್ನು ಯಂತ್ರದ ಒಳಗು. ಮುಂದಿರುವ ಉಬ್ಬುಗಾಜಿಗೆ ಮಸೂರವೆಂದು ಹೆಸರು. ಮಸೂರವೆಂದರೆ ಚನ್ನಂಗಿಬೇಳೆ, ಪಾಶ್ಚಾತ್ಯರ ಲೆನ್ಸ್ ಎಂಬ ಶಬ್ದಕ್ಕೂ ಲ್ಯಾಟಿನಿನಲ್ಲಿ ಅದೇ ಧಾನ್ಯವೇ ಅರ್ಥ. ಮಸೂರದ ಹಿಂದೆ ೪೫ ಅಂಶದ ಓರೆಯಲ್ಲಿ ಒಂದು ಕನ್ನಡಿಯಿರುವುದು. ಒಳಬಂದ ಬೆಳಕು ಕನ್ನಡಿಯನ್ನು ತಾಗಿ ಮೇಲಕ್ಕೆ ತಿರುಗಿ ಒಂದು ಮಸುಕುಗಾಜಿನ ಮೇಲೆ ಬಿಂಬವಾಗಿ ನಿಲ್ಲುವುದು. ಆ ಬಿಂಬದಲ್ಲಿ ಎಡಬಲಗಳು ಅದಲುಬದಲಾಗಿರುವುವು. ಅದರ ಮೇಲಿರುವ ಐಮೂಲೆಯ ಗಾಜಿನ ಗಟ್ಟಿಯು ಬೆಳಕನ್ನು ತನ್ನೊಳಗೇ ಪ್ರತಿಫಲಿಸಿ, ಎಡವನ್ನು ಎಡಕ್ಕೂ ಬಲವನ್ನು ಬಲಕ್ಕೂ ತಂದು ನಮ್ಮ ಕಣ್ಣಿಗೊಪ್ಪಿಸುವುದು. ಆದುದರಿಂದ ನಾವು ನೋಡುವುದು ಬೇರೊಂದು ಕಿಂಡಿಯಿಂದಲ್ಲ. ಚಿತ್ರವನ್ನು ಬರೆಯುವ ಮಸೂರದ ಮೂಲಕವೇ. ಗುಂಡಿಯನ್ನೊತ್ತಿದೊಡನೆ ಕನ್ನಡಿಯು ಮೇಲಕ್ಕೇಳುವುದು. ಹಿಂದಿನ ಬಟ್ಟೆಯ ಪರದೆಯು ಸರಿದು, ಬೆಳಕು ಫಿಲ್ಮನ್ನು ಸೇರಿ, ಕನ್ನಡಿಯು ಮತ್ತೆ ಕೆಳಗಿಳಿಯುವುದು. ಕನ್ನಡಿಯು ತಾನಾಗಿ ಇಳಿಯುವ ಈ ಏರ್ಪಾಡನ್ನು ಅಸಾಹಿಯವರು ೧೯೫೪ರಲ್ಲಿ ತಮ್ಮ ಯಂತ್ರಕ್ಕೆ ಅಳವಡಿಸಿದರು. ಇದರಲ್ಲೊಂದು ವಿಚಿತ್ರವುಂಟು. ಕನ್ನಡಿಯೆದ್ದಿರುವಷ್ಟು ಹೊತ್ತು ಕಿಂಡಿಯಲ್ಲಿ ಕತ್ತಲೆ. ಫಿಲ್ಮಿನಲ್ಲಿ ಯಾವ ಗಳಿಗೆಯು ಉಳಿಯುವುದೋ ಅದೊಂದನ್ನು ಮಾತ್ರ ಚಿತ್ರ ತೆಗೆಯುವವನು ಕಾಣನು.

ಆ ಗಳಿಗೆಯೆಷ್ಟು? ಮೇಲಿನ ಬಿಲ್ಲೆಯಲ್ಲಿ ೧, ೨, ೪, ೮, ೧೫, ೩೦, ೬೦ ಎಂದು ಮೊದಲಾಗಿ ೧೦೦೦ದವರೆಗೆ ಅಂಕಿಗಳಿವೆ. ೬೦ ಎಂದರೆ ಒಂದು ಸೆಕೆಂಡಿನ ೬೦ರಲ್ಲೊಂದು ಭಾಗ. ಇದನ್ನು ನೋಡಿದಾಗ ನಮಗೆ ಅಮರಕೋಶದ ಕಾಲವರ್ಗವು ಸ್ಮರಣೆಗೆ ಬಂದಿತು. ಅಲ್ಲಿ ೧೮ ನಿಮೇಷಗಳಿಗೆ ಒಂದು ಕಾಷ್ಠೆ, ೩೦ ಕಾಷ್ಠೆಗಳಿಗೆ ಒಂದು ಕಲೆ, ೩೦ ಕಲೆಗಳಿಗೆ ಒಂದು ಕ್ಷಣ, ೧೨ ಕ್ಷಣಗಳಿಗೆ ಒಂದು ಮುಹೂರ್ತ, ೩೦ ಮುಹೂರ್ತಗಳಿಗೆ ಒಂದು ಅಹೋರಾತ್ರ. ಗುಣಿಸಿ ನೋಡಿದರೆ ದಿನವೊಂದಕ್ಕೆ ೫೮,೩೨,೦೦೦ ನಿಮೇಷಗಳು. ಎಂದರೆ ಒಂದು ನಿಮೇಷವು ಸೆಕೆಂಡಿನ ಸುಮಾರು ೬೭ರಲ್ಲೊಂದು ಭಾಗ. ರೆಪ್ಪೆ ಮುಚ್ಚುವುದಕ್ಕೆ ನಿಜವಾಗಿ ಇದಕ್ಕಿಂತ ಹೆಚ್ಚು ಕಾಲ ಬೇಕು, ಅದಿರಲಿ. ಬಿಲ್ಲೆಯ ೬೦ ಎಂಬ ಗುರುತಿಗೆ ಇಷ್ಟು ಸಮೀಪವಾಗಿ ಅಮರಸಿಂಹನ ನಿಮೇಷವು ಬಂದು ನಿಲ್ಲುವುದೆಂದು ನಾವು ಎಣಿಸಿರಲಿಲ್ಲ. ಇದು ಕಾಕತಾಲೀಯವೇ ಸರಿ. ಪ್ರಾಚೀನರಿಗೆ ಎಲ್ಲವೂ ತಿಳಿದಿತ್ತೆಂದು ಸಾಧಿಸುವವರ ಕೈಗೆ ಇದು ಸಿಕ್ಕದಿರಲಿ. ಅಣ್ಣನ ಮಗನ ‘ಐದು ನಿಮಿಷ’ವನ್ನು ಈ ಲೆಕ್ಕದಲ್ಲಿ ಹಿಡಿದರೆ ಫೋನು ಇನ್ನೂ ಜೇಬಿನಿಂದ ಹೊರಗೆ ಬಂದಿರದು.

ಮಸೂರದ ಸುತ್ತಲಿನ ಬಳೆಯ ಮೇಲೆ ೨, ೨.೮, ೪, ೫.೬, ೮, ೧೧, ೧೬, ೨೨ ಎಂಬ ಇನ್ನೊಂದು ಸಾಲುಂಟು. ಇವು ರಂಧ್ರದ ಅಳತೆಗಳು. ಈ ಮಸೂರದ ನಾಭ್ಯಂತರವು ೫೦ ಮಿಲಿಮೀಟರು. ೨ ಎಂಬಲ್ಲಿ ರಂಧ್ರದ ಅಡ್ಡಳತೆ ಅದರ ಅರ್ಧ, ೪ ಎಂಬಲ್ಲಿ ಕಾಲು ಪಾಲು. ಅಂಕಿ ಹೆಚ್ಚಿದಷ್ಟೂ ಬೆಳಕು ಕಡಮೆ. ಈ ಸಾಲು ಏಕೆ ಇಷ್ಟು ವಕ್ರವಾಗಿದೆಯೆಂದು ಕೇಳುವವರು ಬೌಧಾಯನನ ಶುಲ್ಬಸೂತ್ರವನ್ನು ನೆನೆಯಬೇಕು. ಚೌಕದ ಕರ್ಣದ ಮೇಲೆ ಇನ್ನೊಂದು ಚೌಕವನ್ನು ರಚಿಸಿದರೆ ಅದರ ಕ್ಷೇತ್ರವು ಮೊದಲನೆಯದರ ಎರಡರಷ್ಟು. ಯಜ್ಞವೇದಿಯ ಅಳತೆಗಾಗಿ ಅವನು ಹೇಳಿದ ಆ ಕರ್ಣದ ಪ್ರಮಾಣವೇ, ಎಂದರೆ ಸುಮಾರು ೧.೪೧೪, ಇಲ್ಲಿಯೂ ಹೆಜ್ಜೆಯಿಂದ ಹೆಜ್ಜೆಗೆ ನಡೆಯುವುದು. ಒಂದು ಹೆಜ್ಜೆ ಮುಂದಕ್ಕಿಟ್ಟರೆ ಬೆಳಕು ಸರಿಯಾಗಿ ಅರ್ಧವಾಗುವುದು. ಕಾಲದ ಬಿಲ್ಲೆಯಲ್ಲಿಯೂ ಹಾಗೆಯೇ. ಒಂದನ್ನು ಅರ್ಧಮಾಡಿ ಇನ್ನೊಂದನ್ನು ಇಮ್ಮಡಿಸಿದರೆ ಫಿಲ್ಮಿಗೆ ತಲಪುವ ಬೆಳಕು ಅಷ್ಟೇ.

ಕಲಿಯುವ ಮೊದಲು ಯಂತ್ರವನ್ನು ಶುದ್ಧಿಮಾಡಿಸಬೇಕಾಯಿತು. ನಮ್ಮ ಮಲೆನಾಡಿನ ಮಳೆಯು ಗಾಜನ್ನೂ ಬಿಡದು. ಆರು ಮಳೆಗಾಲ ತೊಗಲಿನ ಚೀಲದಲ್ಲಿದ್ದುದರಿಂದ ಮಸೂರದೊಳಗೆ ಜೇಡನ ಬಲೆಯಂಥ ಬೂಷ್ಟು ಹಬ್ಬಿದ್ದಿತು. ತೊಗಲು ತೇವವನ್ನು ಹೀರಿ ಹಿಡಿದಿಡುವ ಪದಾರ್ಥ. ಇಂತಹ ಯಂತ್ರವನ್ನು ಅದರಲ್ಲಿಡುವುದಕ್ಕಿಂತ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನೊಡನೆ ಇಡುವುದು ಲೇಸು. ಹಿಂಬಾಗಿಲಿನ ಅಂಚಿಗೆ ಬೆಳಕು ನುಸುಳದಂತೆ ಅಂಟಿಸಿದ್ದ ಮೆತ್ತೆಯು ಕರಗಿ ಕೀಲೆಣ್ಣೆಯಂತಾಗಿದ್ದಿತು. ಆ ಕಾಲದ ಛಾಯಾಯಂತ್ರಗಳಲ್ಲಿ ಇದು ಸಾಮಾನ್ಯವಾದ ಜರೆ. ಬೆಂಗಳೂರಿನಲ್ಲಿ ಈ ವಿದ್ಯೆ ಬಲ್ಲ ವೃದ್ಧರೊಬ್ಬರು ಮೆತ್ತೆಯನ್ನು ಹೊಸದಾಗಿ ಹಾಕಿ, ಗಟ್ಟಿಯಾಗಿದ್ದ ಎಣ್ಣೆಯನ್ನು ತೊಳೆದು, ಬೂಷ್ಟನ್ನೊರಸಿ ಕೊಟ್ಟರು. ಗಾಜಿನ ಲೇಪವನ್ನು ಕಚ್ಚಿದ ಗುರುತು ಮಾತ್ರ ಒಂದು ಅಂಚಿನಲ್ಲಿ ಉಳಿಯಿತು. “ಇದು ಹೋಗುವುದಿಲ್ಲ ಸ್ವಾಮಿ, ಬೆಳಕಿಗೆ ಎದುರಾಗಿ ಹಿಡಿದರೆ ಸ್ವಲ್ಪ ಮಬ್ಬು ಬರುತ್ತೆ” ಎಂದರು.

ಮಾಘಮಾಸದಲ್ಲಿ ಮೂರು ದಿನ ಆ ಮನೆಯಲ್ಲಿ ನಿಂತೆವು. ಫಿಲ್ಮು ಕಪ್ಪುಬಿಳುಪಿನದು, ವೇಗ ೪೦೦, ಚಿತ್ರಗಳು ೩೬. ಫಿಲ್ಮನ್ನು ತೊಡಿಸಿದ ಮೇಲೆ ಸನ್ನೆಯನ್ನೆಳೆಯುವಾಗ ಎಡಗಡೆಯ ಗುಬುಟು ತಾನೂ ತಿರುಗುತ್ತಿದೆಯೇ ಎಂದು ನೋಡಬೇಕು. ತಿರುಗದಿದ್ದರೆ ಫಿಲ್ಮು ಸಿಕ್ಕಿಕೊಂಡಿಲ್ಲವೆಂದು ಅರ್ಥ, ಮೂವತ್ತಾರೂ ಶೂನ್ಯ. ಸೂಚೀಕಟಾಹನ್ಯಾಯದಂತೆ ಸುಲಭವಾದುದನ್ನು ಮೊದಲು ಮುಗಿಸೋಣವೆಂದು ಬಿಸಿಲಿನಲ್ಲಿ ನಿಂತು ರಂಧ್ರವನ್ನು ೧೬ಕ್ಕೂ ಕಾಲವನ್ನು ೫೦೦ಕ್ಕೂ ಇಟ್ಟು ಮನೆಯ ಮುಂಭಾಗಕ್ಕೆ ಗುರಿಹಿಡಿದೆವು. ಅತ್ತಿಗೆಯವರು ತಡೆದರು. “ಅದು ಬಂದು ಹೋಗುವವರು ನೋಡಿದ್ದು. ಒಳಗೆ ಬನ್ನಿ” ಎಂದರು.

ಅವರು ತೋರಿಸಿದುವು ಇಂಥವು: ತಲೆತಲಾಂತರದ ಕಾಲುಗಳಿಂದ ನಡುವೆ ತಗ್ಗಾದ ಹೊಸ್ತಿಲು, ಒಲೆಯ ಮೇಲಿನ ಮಸಿಗಟ್ಟಿದ ತೊಲೆ, ಅಟ್ಟದ ಬಾಗಿಲಿನ ಹಿಂದೆ ಅಡಕೆ ಮೂಟೆಗಳ ಲೆಕ್ಕಕ್ಕಾಗಿ ನಮ್ಮ ತಂದೆಯವರು ಸುಣ್ಣದ ಬೆರಳಿನಿಂದೆಳೆದ ಗೆರೆಗಳು, ಬಚ್ಚಲ ಹಂಡೆಯ ಹಿಂದಿನ ಗೋಡೆ. ಎಲ್ಲವೂ ಕತ್ತಲೆಯ ಸ್ಥಳಗಳೇ. ಇಲ್ಲಿ ಮುಳ್ಳಿನ ವಿಷಯವನ್ನು ಹೇಳಬೇಕು. ಕಿಂಡಿಯ ಬಲಗಡೆ ಸಣ್ಣ ಮುಳ್ಳೊಂದುಂಟು. ಅದು ನಡುವೆ ನಿಂತರೆ ಬೆಳಕು ಸರಿ; ಮೇಲೇರಿದರೆ ಹೆಚ್ಚು; ಕೆಳಗಿಳಿದರೆ ಕಡಮೆ. ಆದರೆ ಮುಳ್ಳಿಗೆ ವಿವೇಕವಿಲ್ಲ. ಕಂಡುದನ್ನೆಲ್ಲ ಬೂದುಬಣ್ಣವೆಂದು ಅದು ತಿಳಿಯುವುದು. ಕತ್ತಲೆಯ ಕೋಣೆಯಲ್ಲಿ ಬಾಗಿಲೊಂದು ಬೆಳಗುತ್ತಿದ್ದರೆ ಅದು ಬಾಗಿಲಿಗೆ ಮರುಳಾಗಿ ಕೋಣೆಯನ್ನೆಲ್ಲ ಮಸಿಮಾಡಿಬಿಡುವುದು. ಆದುದರಿಂದ ಮೊದಲು ಬಾಗಿಲನ್ನು ಬಿಟ್ಟು ಸಗಣಿ ಸಾರಿಸಿದ ನೆಲಕ್ಕೆ ಹಿಡಿದು ಅಳೆದು, ಆ ಅಂಕಿಗಳನ್ನು ಹಾಗೆಯೇ ಇಟ್ಟುಕೊಂಡು ಚಿತ್ರವನ್ನು ತೆಗೆದೆವು. ಅಡಿಗೆಮನೆಯಲ್ಲಿ ರಂಧ್ರ ೨.೮, ಕಾಲ ೧೫ ಬೇಕಾಯಿತು. ಅಷ್ಟು ಹೊತ್ತು ಅರುವತ್ತರ ಕೈ ನಿಶ್ಚಲವಾಗಿ ನಿಲ್ಲದು. ಒರಳಿನ ಮೇಲೆ ಅಕ್ಕಿಯ ಕೊಳಗವನ್ನು ಬೋರಲಿಟ್ಟು, ಅದರ ಮೇಲೆ ಯಂತ್ರವನ್ನಿಟ್ಟು ಉಸಿರು ಬಿಗಿಹಿಡಿದೆವು.

ಈ ಯಂತ್ರಕ್ಕೊಂದು ನ್ಯೂನತೆಯುಂಟು. ಗುಂಡಿಯನ್ನೊತ್ತಿ ಓಡಿಹೋಗಿ ತಾನೂ ಚಿತ್ರದಲ್ಲಿ ನಿಲ್ಲುವುದಕ್ಕೆ ಅನೇಕ ಯಂತ್ರಗಳಲ್ಲಿ ತಡೆಸನ್ನೆಯೊಂದಿರುವುದು, ಇದರಲ್ಲಿ ಇಲ್ಲ. ಬೆಲೆಯನ್ನಿಳಿಸುವುದಕ್ಕಾಗಿ ಬಿಟ್ಟಂತೆ ತೋರುವುದು. ಅಲ್ಪವಾದ ವಿಷಯವೆಂದು ನಾವು ಮೊದಲು ದಾಟಿಹೋಗಿದ್ದೆವು. ಅತ್ತಿಗೆಯವರ ಕಬ್ಬಿಣದ ಪೆಟ್ಟಿಗೆಯನ್ನು ತೆರೆದಾಗ ಅದರ ಫಲವು ಕಣ್ಣಿಗೆ ಬಿದ್ದಿತು. ಮದುವೆ, ಮುಂಜಿ, ಜೋಗ, ಶೃಂಗೇರಿ ಎಂದು ಇಪ್ಪತ್ತು ವರುಷಗಳ ಪಟಗಳಲ್ಲಿ ಮನೆಯವರೆಲ್ಲರೂ ಇದ್ದಾರೆ, ಅಣ್ಣನವರು ಇಲ್ಲ. ಕೆಲವು ಪಟಗಳಲ್ಲಿ ಸಂಜೆಯ ಬಿಸಿಲಿಗೆ ಅವರ ನೆರಳು ಮಾತ್ರ ಮುಂದೆ ಚಾಚಿಕೊಂಡಿದೆ. ಅವರಿರುವುದು ಒಂದೇ ಒಂದರಲ್ಲಿ, ನಡುಮನೆಯ ಕಂಬಕ್ಕೊರಗಿ ಕುಳಿತು ನಗುತ್ತಿರುವುದು. ಅದನ್ನು ಒತ್ತಿದವರು ಅತ್ತಿಗೆಯವರು. ಮುಖವು ಮಸುಕು, ಹಿಂದಿನ ಗೋಡೆಯು ಸ್ಪಷ್ಟ.

ಮೂವತ್ತಾರನೆಯ ಚಿತ್ರವೊಂದು ಉಳಿದಾಗ, ಅತ್ತಿಗೆಯವರೇ ಹೊಸ್ತಿಲಲ್ಲಿ ನಿಲ್ಲಲೆಂದು ಕೇಳಿಕೊಂಡೆವು. ಒಪ್ಪಲಿಲ್ಲ. “ಆ ಕಂಬದ್ದು ನಾನು ತೆಗೀತೇನೆ, ಕೊಡಿ” ಎಂದರು. ಕಿಂಡಿಯ ನಡುವೆ ಸಣ್ಣ ಗಾಜಿನ ಮೊನೆಗಳಿಂದಾದ ವೃತ್ತವೊಂದಿದೆ. ವಸ್ತುವಿನ ದೂರಕ್ಕೆ ಮಸೂರವು ಹೊಂದದಿದ್ದರೆ ಅಲ್ಲಿ ಬಿಂಬವು ಚೂರುಚೂರಾಗಿ ಮಿನುಗುವುದು. ಬಳೆಯನ್ನು ತಿರುಗಿಸುತ್ತ ಹೊಂದಿದ ಸ್ಥಳಕ್ಕೆ ಬಂದೊಡನೆ ತಿಳಿಯಾಗುವುದು. ಇದನ್ನು ಹೇಳಿಕೊಟ್ಟು ಯಂತ್ರವನ್ನು ಅವರ ಕೈಗಿತ್ತೆವು. ಎಪ್ಪತ್ತೆರಡು ವರುಷದವರು, ಕನ್ನಡಕವನ್ನು ಸೆರಗಿನಿಂದೊರಸಿಕೊಂಡು ಬಹಳ ಹೊತ್ತು ತಿರುಗಿಸಿದರು. “ನಡುಗುತ್ತಾ ಇತ್ತು ಮೇಷ್ಟ್ರೇ, ಈಗ ನಿಂತಿತು” ಎಂದು ಹೇಳಿ ಒತ್ತಿದರು.

ಫಿಲ್ಮನ್ನು ಬೆಂಗಳೂರಿಗೆ ಕಳುಹಿಸಿ ತೊಳೆಯಿಸಿದುದಾಯಿತು. ಮೂವತ್ತಾರರಲ್ಲಿ ಮೂವತ್ತೊಂದು ಚೆನ್ನಾಗಿ ಬಂದಿವೆ. ಬಾಗಿಲಿಗೆ ಎದುರಾಗಿ ತೆಗೆದುವುಗಳಲ್ಲಿ ಆ ವೃದ್ಧರು ಹೇಳಿದ ಮಬ್ಬು ಕಾಣುವುದು. ಅಡಿಗೆಮನೆಯದನ್ನು ನೋಡಿ ಅತ್ತಿಗೆಯವರು, “ಒಲೆಗೆ ಈಗಷ್ಟೇ ಬೆಂಕಿ ಹಾಕಿದ ಹಾಗಿದೆ” ಎಂದರು. ಮನೆಯನ್ನು ಫಾಲ್ಗುಣ ಬಹುಳದಲ್ಲಿ ಬಿಚ್ಚಿದರು. ಎಂಟು ದಿನಗಳ ಕೆಲಸ. ನಡುಮನೆಯ ಕಂಬವು ಎಲ್ಲಿಗೆ ಹೋಯಿತೆಂದು ನಾವು ವಿಚಾರಿಸಲಿಲ್ಲ.

ಅತ್ತಿಗೆಯವರು ಈಗ ಶಿವಮೊಗ್ಗೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ತಮ್ಮ ಕಂಬದ ಪಟವನ್ನೂ ಅಣ್ಣನವರ ಆ ಮಸುಕು ಪಟವನ್ನೂ ಒಂದೇ ಲಕೋಟೆಯಲ್ಲಿಟ್ಟುಕೊಂಡಿದ್ದಾರೆ. ಫಿಲ್ಮಿನ ತುಂಡುಗಳನ್ನು ಕಾಗದದ ಹೊದಿಕೆಯಲ್ಲಿಟ್ಟು, ಯಂತ್ರದೊಡನೆ ಡಬ್ಬಿಯಲ್ಲಿ ನಾವು ಜೋಪಾನಮಾಡಿದ್ದೇವೆ. ಅವರ ಮೊಮ್ಮಗನು ಬೇಸಗೆಯ ರಜೆಗೆ ಬಂದು ಇದನ್ನು ಕಲಿಯುವನಂತೆ; ಎಡಗಡೆಯ ಗುಬುಟು ತಿರುಗುವುದನ್ನು ನೋಡುವ ಪಾಠದಿಂದ ಆರಂಭಿಸಬೇಕೆಂದಿದ್ದೇವೆ.