ಉಳಿಸಿಟ್ಟ ಕಸುವು

ಚಿಂಚವಡ, ಪುಣೆ
ಭಾನುವಾರ ರಾತ್ರಿ

ಪುಟ್ಟಿ,

ನೀನು ಕಳಿಸಿದ ಪಟ್ಟಿಯನ್ನು ಕಾಕೂಗೂ ಓದಿ ಹೇಳಿದೆ. ಸ್ಟೇಜ್ ಒನ್ ರೀಮ್ಯಾಪ್, ಕೋನ್ ಫಿಲ್ಟರು, ಡೌನ್‌ಪೈಪು, ಬ್ಲೋ-ಆಫ್ ವಾಲ್ವು, ಗಾಡಿ ತಗ್ಗಿಸುವ ಸ್ಪ್ರಿಂಗು. ಕೆಳಗೆ ಒಟ್ಟು ಮೊತ್ತ. ಅದರ ಕೆಳಗೆ, "ಅಪ್ಪಗ ಹೇಳಬ್ಯಾಡ್ರಿ ಕಾಕಾ." ಮೊತ್ತ ಕೇಳಿ ಕಾಕೂ ಬಾಯಿ ಮೇಲೆ ಕೈ ಇಟ್ಟುಕೊಂಡಳು. ನನಗೆ ನಗು ಬಂದದ್ದು ಕೊನೆಯ ಸಾಲಿಗೆ. ನಿಮ್ಮಪ್ಪ ಕಾಲೇಜಿನ ದಿನಗಳಲ್ಲಿ ಯೆಜ್ಡಿ ಬೈಕಿನ ಸೈಲೆನ್ಸರಿನಿಂದ ಬ್ಯಾಫಲ್ ಕಿತ್ತೆಸೆದು, ಧಾರವಾಡದ ಸಪ್ತಾಪುರದಿಂದ ಮಾಳಮಡ್ಡಿಯವರೆಗೆ ಎಲ್ಲರ ನಿದ್ದೆ ಕೆಡಿಸಿದವನು. ಬೈಯಲು ಬಂದರೆ ಅದನ್ನು ನೆನಪಿಸು. ಹೇಳಿದ್ದು ಯಾರು ಅಂತ ಮಾತ್ರ ಹೇಳಬೇಡ.

ಫೋನಿನಲ್ಲಿ ಮಾತಾಡಿದರೆ ನೀನು ಮಾತಿಗೊಮ್ಮೆ "ಆದ್ರ ಕಾಕಾ" ಅಂತ ಅಡ್ಡ ಬರುತ್ತೀ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಬೇಡ ಅನ್ನುವುದಕ್ಕಲ್ಲ. ದುಡ್ಡು ನಿನ್ನ ದುಡಿಮೆಯದು, ಗಾಡಿ ನಿನ್ನದು. ಅದೂ ಎಂಥ ಗಾಡಿ! ಪೋಲೊ ಜಿಟಿ ಟಿಎಸ್‌ಐ ಹುಟ್ಟಿದ್ದು ಇಲ್ಲೇ ಚಾಕಣದಲ್ಲಿ. 2009ರ ಮಾರ್ಚಿನಲ್ಲಿ ಆ ಕಾರ್ಖಾನೆ ಉದ್ಘಾಟನೆಯಾಯಿತು, ವರ್ಷದ ಕೊನೆಗೆ ಮೊದಲ ಪೋಲೊ ಹೊರಬಿತ್ತು. 2022ರಲ್ಲಿ ಪೋಲೊ ಮಾಡುವುದನ್ನೇ ನಿಲ್ಲಿಸಿದಾಗ ಈ ಊರಲ್ಲಿ ಎಷ್ಟು ಹುಡುಗರು ಮುಖ ಸಪ್ಪೆ ಮಾಡಿಕೊಂಡು ತಿರುಗಿದರೋ. ಈಗ ಸೆಕೆಂಡ್ ಹ್ಯಾಂಡಿನಲ್ಲಿ ಒಳ್ಳೆಯದೊಂದನ್ನು ಹುಡುಕಿ ತೆಗೆದುಕೊಂಡಿದ್ದೀ, ನಿನ್ನ ಕಣ್ಣು ಚಲೋ ಇದೆ.

ಲೆಕ್ಕಕ್ಕೆ ಬರೋಣ. ನಿನ್ನ ಗಾಡಿಯದು 1.2 ಲೀಟರಿನ ಎಂಜಿನ್. ಶಕ್ತಿ 105 ಪಿಎಸ್, ಟಾರ್ಕು 175 ನ್ಯೂಟನ್ ಮೀಟರ್. ಅದಕ್ಕೆ ಜೋಡಿಸಿರುವ ಏಳು ಗೇರಿನ ಡಿಎಸ್‌ಜಿಯಲ್ಲಿ ಎರಡು ಒಣ ಕ್ಲಚ್ಚುಗಳಿವೆ. ಆ ಗೇರ್‌ಬಾಕ್ಸ್ ತಾಳುವ ಟಾರ್ಕು 250ರವರೆಗೆ. ಎಂಜಿನ್ ಕೊಡುವುದಕ್ಕೂ ಗೇರ್‌ಬಾಕ್ಸ್ ತಾಳುವುದಕ್ಕೂ ನಡುವೆ 75 ಉಳಿಯಿತು, ಹೌದಿಲ್ಲ? ರೀಮ್ಯಾಪ್ ಹೆಸರಿನಲ್ಲಿ ಟ್ಯೂನರ್ ನಿನಗೆ ಮಾರುತ್ತಿರುವುದು ಈ ಅಂತರವನ್ನೇ. ಒಬಿಡಿ ಪೋರ್ಟಿಗೆ ಲ್ಯಾಪ್‌ಟಾಪ್ ಚುಚ್ಚಿ, ಎಂಜಿನ್ನಿನ ಕಂಪ್ಯೂಟರಾದ ಇಸಿಯುನಲ್ಲಿರುವ ಬೂಸ್ಟು, ಪೆಟ್ರೋಲು, ಇಗ್ನಿಷನ್ನಿನ ಕೋಷ್ಟಕಗಳನ್ನು ತಿದ್ದುತ್ತಾನೆ. "ಕಂಪನಿಯವ್ರು ಕಟ್ಟಿಹಾಕ್ಯಾರ, ನಾವು ಬಿಚ್ಚತೇವಿ" ಅಂದನಂತಲ್ಲ, ಆ ಮಾತು ಅರ್ಧ ನಿಜ. ಅಂತರ ಇರುವುದು ನಿಜ, ಅದು ಯಾರೂ ಮುಟ್ಟದೆ ಬಿದ್ದಿದೆ ಅನ್ನುವುದು ಸುಳ್ಳು.

ನಾನು ಇದನ್ನು ಹೇಳುವುದು ಟೆಸ್ಟ್ ಸೆಲ್ಲಿನಲ್ಲಿ ನಿಂತ ಅನುಭವದಿಂದ. ದಪ್ಪ ಗಾಜಿನ ಆಚೆ ಒಂದು ಎಂಜಿನ್, ಅದಕ್ಕೆ ಕಟ್ಟಿದ, ಕಸುವು ಅಳೆಯುವ ಡೈನಮೋಮೀಟರು (ಡೈನೋ), ಮೈತುಂಬ ಥರ್ಮೋಕಪಲ್ ತಂತಿ. ಯಾವ ಎಂಜಿನ್ ಅಂತ ಕೇಳಬೇಡ, ಹೇಳುವ ಹಾಗಿಲ್ಲ. ಪೂರ್ತಿ ಥ್ರಾಟಲ್ ಕೊಟ್ಟು ಹಗಲು ರಾತ್ರಿ ಓಡಿಸುತ್ತೇವೆ. ರಾತ್ರಿ ಪಾಳಿಯಲ್ಲಿ ಒಳಗಿನ ದೀಪ ಆರಿಸಿದರೆ ಟರ್ಬೊದ ಕವಚ ಕೆಂಡದ ಬಣ್ಣಕ್ಕೆ ತಿರುಗಿ ಹೊಳೆಯುವುದು ಕಾಣುತ್ತದೆ. ಪೆಟ್ರೋಲ್ ಎಂಜಿನ್ನಿನ ಹೊಗೆ ಅಲ್ಲಿ 900 ಡಿಗ್ರಿ ದಾಟಿರುತ್ತದೆ. ಆ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗಿ, ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ನಿಮಿಷಕ್ಕೆ ಲಕ್ಷ ಸುತ್ತು ದಾಟುವ ಆ ದಂಡ ನಿಂತಿರುವುದು ಎಣ್ಣೆಯ ತೆಳು ಪದರದ ಮೇಲೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಈ ಉಪಾಯಕ್ಕೆ 1905ರಲ್ಲೇ ಪೇಟೆಂಟ್ ತೆಗೆದುಕೊಂಡ. ಉಪಾಯ ಹಳೆಯದು, ಕಾವಿನ ಕಾಟವೂ ಅಷ್ಟೇ ಹಳೆಯದು.

ಆ ಗಾಜಿನ ಈಚೆ ನಿಂತಾಗ ನಾವು ಹುಡುಕುವುದು ಎಂಜಿನ್ ಒಳ್ಳೆಯ ದಿನ ಎಷ್ಟು ಕೊಡುತ್ತದೆ ಅನ್ನುವುದನ್ನಲ್ಲ, ಕೆಟ್ಟ ದಿನ ಎಷ್ಟು ತಾಳುತ್ತದೆ ಅನ್ನುವುದನ್ನು. ಕೆಟ್ಟ ದಿನ ಅಂದರೆ ಏನು? ಮೇ ತಿಂಗಳ ಮಧ್ಯಾಹ್ನ, ಹೊರಗೆ 40 ಡಿಗ್ರಿ, ಗಾಡಿಯಲ್ಲಿ ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು, ಎಸಿ ಜೋರು, ಎದುರಿಗೆ ಘಾಟು, ಟ್ಯಾಂಕಿನಲ್ಲಿ ಯಾವುದೋ ಊರಿನ ಬಂಕಿನ ಪೆಟ್ರೋಲು. ಆಗ ಒಳಗೆ ಬರುವ ಗಾಳಿ ಬಿಸಿಯಾಗಿ, ಇಂಟರ್‌ಕೂಲರ್ ಸೋತು, ಕಿಡಿಯಿಂದ ಹೊತ್ತಿದ ಉರಿ ತಲುಪುವ ಮುಂಚೆಯೇ ಉಳಿದ ಪೆಟ್ರೋಲು ತಾನಾಗಿ ಸಿಡಿಯಲು ನೋಡುತ್ತದೆ. ಅದೇ ನಾಕಿಂಗ್. ಸೆನ್ಸರ್ ಕೇಳಿಸಿಕೊಂಡು ಇಸಿಯುಗೆ ಹೇಳುತ್ತದೆ, ಇಸಿಯು ಟೈಮಿಂಗ್ ಹಿಂದೆಳೆಯುತ್ತದೆ, ಬೂಸ್ಟು ಇಳಿಸುತ್ತದೆ, ನಿನಗೆ ಗೊತ್ತೂ ಆಗದೆ ಪಿಸ್ಟನ್ ಉಳಿಯುತ್ತದೆ. ಕಂಪನಿಯವರು ಬಿಟ್ಟ ಅಂತರ ಆ ಹೊತ್ತಿಗೆ ಖರ್ಚಾಗುತ್ತಿರುತ್ತದೆ. ಮನೆಯಲ್ಲಿ ಅಜ್ಜಿ ಅಕ್ಕಿ ಡಬ್ಬಿಯೊಳಗೆ ಮುಚ್ಚಿಟ್ಟ ನೋಟಿನ ಹಾಗೆ, ಯಾರೂ ಮುಟ್ಟುವುದಿಲ್ಲ ಅಂದಮಾತ್ರಕ್ಕೆ ಯಾರಿಗೂ ಬೇಡವಾದದ್ದಲ್ಲ ಅದು.

ಹಾಗಂತ ಒಂದು ಕಾಸೂ ತೆಗೆಯಬಾರದು ಅನ್ನುವ ಮಡಿವಂತ ನಾನಲ್ಲ. ಕಂಪನಿಗಳೇ ತೆಗೆಯುತ್ತವೆ. ಟಾಟಾದವರ ಆಲ್ಟ್ರೋಜ್ ನೋಡು. 2021ರಲ್ಲಿ ಐ-ಟರ್ಬೊ ಬಂದಾಗ 110 ಪಿಎಸ್, 140 ನ್ಯೂಟನ್ ಮೀಟರ್. 2024ರಲ್ಲಿ ರೇಸರ್ ಬಂದಾಗ ಅದೇ 1.2 ಲೀಟರ್ ಅಳತೆಯಲ್ಲಿ 120 ಪಿಎಸ್, 170 ನ್ಯೂಟನ್ ಮೀಟರ್. ಆದರೆ ಬರೀ ಸಾಫ್ಟ್‌ವೇರ್ ತಿದ್ದಿ ಕೈ ತೊಳೆದುಕೊಳ್ಳಲಿಲ್ಲ, ಐದು ಗೇರಿನ ಡಬ್ಬಿಯ ಜಾಗದಲ್ಲಿ ಆರು ಗೇರಿನದು ಕೂತಿತು. ಕಸುವು ಹೆಚ್ಚಿಸಿದವನು ಅದನ್ನು ಹೊರುವವನಿಗೂ ಹೆಗಲು ಕೊಡಬೇಕು. ನಿನ್ನ ಪಟ್ಟಿಯಲ್ಲಿ ಹೆಚ್ಚಿಸುವವರೇ ಇದ್ದಾರೆ, ಹೊರುವವರು ಒಬ್ಬರೂ ಇಲ್ಲ.

ಈಗ ಪಟ್ಟಿ. ಬ್ಲೋ-ಆಫ್ ವಾಲ್ವಿನಿಂದ ಬರುವುದು 'ಪ್ಶ್‌ಶ್' ಅನ್ನುವ ಸದ್ದು ಮಾತ್ರ, ಆ ಸದ್ದು ನೀನು ಬಾಯಿಂದ ಮಾಡಿದರೂ ನಡೆದೀತು. ಕೋನ್ ಫಿಲ್ಟರು ಬಾನೆಟ್ಟಿನೊಳಗಿನ ಬಿಸಿ ಗಾಳಿಯನ್ನೇ ಕುಡಿಯುತ್ತದೆ, ಮೇಲಾಗಿ ನಮ್ಮ ಭೋಸರಿ-ಚಾಕಣ ರಸ್ತೆಯ ಧೂಳು. ಕಾಗದದ ಹಳೆ ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಿಸಿದರೆ ಟರ್ಬೊದ ರೆಕ್ಕೆಗಳಿಗೆ ಅದೇ ಆಯುಷ್ಯ. ಸ್ಪ್ರಿಂಗು ಬೇಡವೇ ಬೇಡ, ಧಾರವಾಡದ ಹಂಪುಗಳ ಮೇಲೆ ಹೊಟ್ಟೆ ಉಜ್ಜಿಸಿಕೊಂಡು ಹೋಗುವ ಗಾಡಿಯನ್ನು ನೋಡಿದರೆ ನನಗೆ ನೋವಾಗುತ್ತದೆ.

ಡೌನ್‌ಪೈಪಿನ ವಿಷಯದಲ್ಲಿ ಮಾತ್ರ ನಾನು ಗಟ್ಟಿ. ಟರ್ಬೊದಿಂದ ಹೊಗೆ ಒಯ್ಯಲು ಟ್ಯೂನರ್ ಹಾಕುವ ಆ ಪೈಪಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇರುವುದಿಲ್ಲ. ಪ್ಲಾಟಿನಂ, ಪಲೇಡಿಯಂ, ರೋಡಿಯಂ ಸವರಿದ ಆ ಜೇನುಗೂಡನ್ನು ಕಿತ್ತು ತೆಗೆದರೆ ನಿನಗೆ ಸಿಗುವುದು ಒಂದಿಷ್ಟು ಶಕ್ತಿ, ಹಿಂದೆ ಸ್ಕೂಟರಿನಲ್ಲಿ ಬರುವವರಿಗೆ ಸಿಗುವುದು ವಿಷ. ಕಾಯ್ದೆಯನ್ನೂ ಕೇಳು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗಿನ ಸಜೆ, ಅಥವಾ ಎರಡೂ ಅಂತ ಬಂತು. "ಯಾರ್ ಹಿಡೀತಾರ ಕಾಕಾ" ಅನ್ನುತ್ತೀ. ಪೊಲೀಸರು ಹಿಡಿಯಲಿಕ್ಕಿಲ್ಲ. ಅಪಘಾತವಾದ ದಿನ ಇನ್ಶೂರೆನ್ಸಿನ ಸರ್ವೇಯರ್ ಹಿಡಿಯುತ್ತಾನೆ, ಅವನಿಗೆ ಸಂಬಳ ಕೊಡುವುದೇ ಅದಕ್ಕೆ. ರೀಮ್ಯಾಪ್ ಕಣ್ಣಿಗೆ ಕಾಣುವುದಿಲ್ಲ ಅಂದಮಾತ್ರಕ್ಕೆ ಈ ಲೆಕ್ಕದಿಂದ ಹೊರಗಿಲ್ಲ, ತಿಳಿದಿರಲಿ. ಪಾಲಿಸಿ ಕಾಗದ ಓದಿ, ಏಜೆಂಟನನ್ನು ಬಿಟ್ಟು ನೇರ ಕಂಪನಿಗೇ ಬರೆದು ಕೇಳಿ, ಉತ್ತರ ಬರಹದಲ್ಲಿ ತೆಗೆದುಕೊಂಡ ಮೇಲೇ ಆ ಮಾತು.

ಇನ್ನು ನಿನ್ನ ಪಟ್ಟಿಯಲ್ಲಿ ಇಲ್ಲದ್ದು: ಬ್ರೇಕು. ಧಾರವಾಡದಿಂದ ಬರುವಾಗ ನಿಪ್ಪಾಣಿ, ಕೊಲ್ಹಾಪುರ, ಸಾತಾರಾ ದಾಟಿ ಖಂಬಾಟಕಿ ಘಾಟು ಸಿಗುತ್ತದಲ್ಲ. ಪುಣೆಯ ಕಡೆ ಬರುವ ಹಳೆಯ ದಾರಿಯಲ್ಲಿ ಸುರಂಗ, ಅದು ದಾಟಿದ ಮೇಲೆ ಇಳಿಜಾರಿನಲ್ಲಿ ಎಸ್ ಆಕಾರದ ತಿರುವು. ವರ್ಷಗಟ್ಟಲೆ ಎಷ್ಟೋ ಅಪಘಾತ ಕಂಡ ಜಾಗ ಅದು. ಗಂಟೆಗೆ 80ರಲ್ಲಿ ಇರುವ ಗಾಡಿಯನ್ನು 100ಕ್ಕೆ ಒಯ್ದರೆ ವೇಗ ಕಾಲು ಭಾಗ ಹೆಚ್ಚಾಯಿತು ಅನ್ನಿಸುತ್ತದೆ, ಆದರೆ ಬ್ರೇಕು ತಿನ್ನಬೇಕಾದ ಶಕ್ತಿ ಒಂದೂವರೆ ಪಟ್ಟಿಗೂ ಮಿಕ್ಕುತ್ತದೆ. ನಿನ್ನ ಗಾಡಿಗೆ ಮುಂದೆ ಡಿಸ್ಕು, ಹಿಂದೆ ಡ್ರಮ್ಮು. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುವ ಜಾತಿಯದು. ಹೊಸ ಡಾಟ್ 4 ಎಣ್ಣೆ ಕಡಿಮೆಯೆಂದರೂ 230 ಡಿಗ್ರಿವರೆಗೆ ಕುದಿಯದೆ ಇರಬೇಕು ಅಂತ ನಿಯಮ, ತೇವ ಹೀರಿದ್ದಕ್ಕೆ ಅದೇ ಮಿತಿ 155. ಹಿಂದಿನ ಮಾಲೀಕ ಅದನ್ನು ಯಾವಾಗ ಬದಲಿಸಿದ್ದನೋ ದೇವರೇ ಬಲ್ಲ. ಘಾಟು ಇಳಿಯುವಾಗ ಎಣ್ಣೆ ಕುದ್ದರೆ ಪೆಡಲ್ಲು ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಹೊಸ ಎಣ್ಣೆ, ಒಳ್ಳೆಯ ಪ್ಯಾಡು: ನಿನ್ನ ಡೌನ್‌ಪೈಪಿನ ದುಡ್ಡಿನ ಚೂರೇ ಸಾಕು.

ಟೈರೂ ಹಾಗೇ. ಈಗಿರುವ 185/60 ಆರ್15 ಸವೆದಿದ್ದರೆ 195/55 ಆರ್15 ಕೂರುತ್ತದೆ, ಸುತ್ತಳತೆಯಲ್ಲಿ ಶೇಕಡಾ ಒಂದಕ್ಕೆ ತುಸು ಮಿಕ್ಕ ವ್ಯತ್ಯಾಸ. ಮೆತ್ತನೆಯ ರಬ್ಬರಿನದು ನೋಡು, ಬೇಗ ಸವೆದರೂ ಮಳೆಯಲ್ಲಿ ನೆಲ ಬಿಡುವುದಿಲ್ಲ. ಕಾರು ಓಡಿಸುವ ಸುಖ ಹೆಚ್ಚಿನಂಶ ಅಂಗೈಯಗಲದ ಆ ನಾಲ್ಕು ಜಾಗಗಳಲ್ಲೇ ಇದೆ, ಬಾನೆಟ್ಟಿನ ಕೆಳಗಲ್ಲ. ಎಂಜಿನ್ ಎಣ್ಣೆಯನ್ನು ಸರ್ವಿಸ್ ಪುಸ್ತಕದಲ್ಲಿ ಬರೆದದ್ದಕ್ಕಿಂತ ಬೇಗ ಬದಲಿಸು. ಘಾಟು ಹತ್ತಿ ಚಹಾಕ್ಕೆ ನಿಲ್ಲಿಸಿದಾಗ ಕೀಲಿ ತಟ್ಟನೆ ತಿರುಗಿಸಬೇಡ, ಟರ್ಬೊ ತುಸು ತಣಿಯಲಿ.

ಇದೆಲ್ಲ ಆದ ಮೇಲೆ ರೀಮ್ಯಾಪ್? ಮಾಡಿಸೋಣ, ನಾನೂ ಬರುತ್ತೇನೆ. ಆದರೆ ನಾನು ಕೇಳುವ ಪ್ರಶ್ನೆಗಳಿಗೆ ಟ್ಯೂನರ್ ಉತ್ತರ ಕೊಡಬೇಕು. ಮೊದಲು ಗಾಡಿ ಈಗಿರುವ ಹಾಗೇ ಡೈನೋ ಮೇಲೆ ಓಡಬೇಕು. ತಿದ್ದಿದ ಮೇಲೆ ಅದೇ ದಿನ, ಅದೇ ಡೈನೋ ಮೇಲೆ ಮತ್ತೆ. ಬೆಳಗಿನ ತಂಪಿನ ಒಂದು ಗ್ರಾಫ್ ತೋರಿಸಿ ದುಡ್ಡು ಕೇಳುವವನ ಹತ್ತಿರ ನಿಲ್ಲುವುದೇ ಬೇಡ. ಒಂದರ ಹಿಂದೆ ಒಂದು ಮೂರು ನಾಲ್ಕು ಬಾರಿ ಓಡಿಸಲಿ, ಕಾವೇರಿದ ಮೇಲೆ ಗೆರೆ ಎಷ್ಟು ಕುಸಿಯುತ್ತದೆ ನೋಡಬೇಕು. ಟಾರ್ಕು 250ಕ್ಕೆ ಮುಟ್ಟುವುದು ಬೇಡ, ಕೆಳಗೇ ಬೇಕಾದಷ್ಟು ಜಾಗ ಇರಲಿ, ಟ್ರಾಫಿಕ್ಕಿನಲ್ಲಿ ತೆವಳುವ ಒಣ ಕ್ಲಚ್ಚಿಗೆ ಅದೇ ಉಸಿರು. ಪೆಟ್ರೋಲಿನ ಮಾತನ್ನಂತೂ ಖಡಾಖಂಡಿತ ಆಡಬೇಕು. ಪುಣೆಯಲ್ಲಿ 2020ರಿಂದಲೇ 100 ಆಕ್ಟೇನಿನ ಎಕ್ಸ್‌ಪಿ100 ಸಿಗುತ್ತದೆ, ಇಲ್ಲಿನ ಹುಡುಗರು ಅದಕ್ಕೇ ಮ್ಯಾಪ್ ಮಾಡಿಸಿ ಮೀಸೆ ತಿರುವುತ್ತಾರೆ. ನೀನು ಇರುವುದು ಧಾರವಾಡದಲ್ಲಿ. ನಿನ್ನ ಮನೆ ಹತ್ತಿರದ ಬಂಕಿನಲ್ಲಿ ದಿನಾ ಸಿಗುವ ಪೆಟ್ರೋಲಿಗೆ ಮ್ಯಾಪ್ ಆಗಬೇಕು.

ನಿಜಕ್ಕೂ ಜೋರಾಗಿ ಓಡಿಸುವ ಹಂಬಲ ಇದ್ದರೆ ಹೆದ್ದಾರಿ ಬಿಡು. ಲೋಣಾವಳಾದ ಆಚೆ ಆಂಬಿ ವ್ಯಾಲಿಯ ಏರ್‌ಸ್ಟ್ರಿಪ್ಪಿನಲ್ಲಿ 'ವ್ಯಾಲಿ ರನ್' ಅಂತ ಡ್ರ್ಯಾಗ್ ಸ್ಪರ್ಧೆ ನಡೆಸಿದ್ದಾರೆ, ಮತ್ತೆ ಯಾವಾಗ ಅಂತ ವಿಚಾರಿಸುತ್ತೇನೆ. ಕೊಯಮತ್ತೂರಿನ ಕರಿ ಸ್ಪೀಡ್‌ವೇ ಇದೆ, ಚೆನ್ನೈ ಹತ್ತಿರ ಇರುಂಗಾಟ್ಟುಕೋಟ್ಟೈನ ಟ್ರ್ಯಾಕ್ ಇದೆ. ಹೆಲ್ಮೆಟ್ ನಾನು ಕೊಡಿಸುತ್ತೇನೆ, ಅದು ನನ್ನ ಪಾಲು. ಕಾಕೂಗೆ ಇನ್ನೂ ಹೇಳಿಲ್ಲ.

ಅಪ್ಪನಿಗೆ ನಾನು ಹೇಳುವುದಿಲ್ಲ, ನೀನೇ ಹೇಳಬೇಕು. ಬ್ರೇಕಿನಿಂದ ಶುರುಮಾಡು, ಟೈರಿಗೆ ಬಾ, ರೀಮ್ಯಾಪ್ ಕೊನೆಗೆ. ಯೆಜ್ಡಿ ಕತೆ ತುರ್ತಿಗೆ ಇಟ್ಟುಕೊ.

ಬರುವ ಶುಕ್ರವಾರ ನಸುಕಿಗೇ ಪುಣೆಗೆ ಹೊರಡು, ಬಿಸಿಲು ಏರುವ ಮೊದಲು ಸಾತಾರಾ ದಾಟಿರು. ಸರ್ವಿಸ್ ಪುಸ್ತಕ, ಪಾಲಿಸಿ, ಪಿಯುಸಿ ಮೂರೂ ಒಂದು ಚೀಲದಲ್ಲಿ ಹಾಕಿಕೊ. ಟ್ಯಾಂಕು ನಿನ್ನ ಬಂಕಿನಲ್ಲೇ ತುಂಬಿಸಿಕೊಂಡು ಬಾ. ದಾರಿಯಲ್ಲಿ ಬೇರೆ ಹಾಕಿಸಿದರೆ ಎಲ್ಲಿ ಹಾಕಿಸಿದೆ ಅಂತ ಬರೆದಿಟ್ಟುಕೊ, ಡೈನೋದವನು ಕೇಳಿದರೆ ಹೇಳಬೇಕಾಗುತ್ತದೆ.

ನಿನ್ನ
ಕಾಕಾ