ಹಲರ ಊರಿನಲ್ಲಿ ಒಂದು ಪ್ರಶ್ನೆ

ಕುಂದಾಪುರದ ಪೂರ್ವಕ್ಕೆ, ವಾರಾಹಿ ನದಿಯ ದಡದಲ್ಲಿರುವ ಬಸ್ರೂರನ್ನು ತಾವು ಬಸ್ಸಿನ ಕಿಟಕಿಯಿಂದಲಾದರೂ ಕಂಡಿರಬಹುದು. ಮರದ ಬೇರುಗಳು ತಬ್ಬಿ ಹಿಡಿದಿರುವ ತುಳುವೇಶ್ವರ ಗುಡಿಯನ್ನು ನೋಡಿ ಮುಂದೆ ಸಾಗುವವರೇ ಹೆಚ್ಚು. ಒಂದು ಕಾಲದಲ್ಲಿ ಇದು ಅರಬ್ಬೀ ಸಮುದ್ರದಾಚೆಗೂ ಹೆಸರಾದ ರೇವು ಪಟ್ಟಣವಾಗಿತ್ತು. ಅದರ ಸಂಪತ್ತು ಅಕ್ಕಿ.

ವಿಜಯನಗರದ ಕಾಲದ ಇಲ್ಲಿನ ಶಿಲಾಶಾಸನಗಳಲ್ಲಿ ಮೂಡುಕೇರಿ, ಪಡುಕೇರಿ ಎಂಬ ಕೇರಿಗಳ ಹೆಸರಿವೆ. ಹಲರು, ಸೆಟ್ಟಿಕಾರರು ಎಂಬ ಕೂಟಗಳ ಉಲ್ಲೇಖವಿದೆ. 'ಹಲರು' ಎಂದರೆ ಹಲವರು. ಎಷ್ಟು ಸರಳವಾದ ಮಾತು! ದೊರೆ ದೂರದ ಹಂಪೆಯಲ್ಲಿ, ಅವನ ಅಧಿಕಾರಿ ಬಾರಕೂರಿನಲ್ಲಿ. ಊರಿನ ವ್ಯವಹಾರಕ್ಕೆ ಮಾತ್ರ ಈ ವರ್ತಕರ ಒಪ್ಪಿಗೆ ಬೇಕಿತ್ತು. ಶಾಸನಸಭೆ ಎಂಬ ಪದವು ನಮ್ಮ ನಾಲಗೆಗೆ ಬರುವ ಶತಮಾನಗಳ ಮೊದಲೇ ವ್ಯಾಪಾರಿಗಳು ಇಲ್ಲಿ ಕುಳಿತು ಕಟ್ಟಳೆಗಳನ್ನು ನಿರ್ಣಯಿಸುತ್ತಿದ್ದರು.

1569ರಲ್ಲಿ ಪೋರ್ಚುಗೀಸರು ಇಲ್ಲಿನ ಕೋಟೆಯನ್ನು ವಶಪಡಿಸಿಕೊಂಡರು. ಗೋವೆಯ ಹಸಿವಿಗೆ ಬಸ್ರೂರಿನ ಅಕ್ಕಿ ಬೇಕಿತ್ತು. 1650ರ ದಶಕದಲ್ಲಿ ಕೆಳದಿಯ ಶಿವಪ್ಪನಾಯಕನು ಅವರನ್ನು ಹೊರಗಟ್ಟಿದನು. 1665ರಲ್ಲಿ ಶಿವಾಜಿಯು ನೌಕಾಪಡೆಯೊಡನೆ ಬಂದು ಈ ಪಟ್ಟಣವನ್ನು ಸೂರೆಗೊಂಡನು. ಅಷ್ಟಾದರೂ ಊರು ಉಳಿಯಿತು.

ಭಾನುವಾರದ ಧರ್ಮೋಪದೇಶದ ತರಗತಿಯಲ್ಲಿ ನಾನು ಇದನ್ನೆಲ್ಲ ಹೆಮ್ಮೆಯಿಂದಲೇ ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ: "ಹಾಗಾದರೆ ಟೀಚರ್, ನಮ್ಮ ಇಗರ್ಜಿ ಬಂದದ್ದು ಅಕ್ಕಿ ಕಸಿದುಕೊಂಡವರ ಹಡಗಿನಲ್ಲೇ ಅಲ್ಲವೇ?"

ನನ್ನ ಬಾಯಿ ಕಟ್ಟಿತು. ಪೂರ್ವಜರ ಬಗ್ಗೆ ಒಳ್ಳೆಯದನ್ನೇ ಕಲಿಸಬೇಕೆಂಬ ಅಭ್ಯಾಸ ನಮ್ಮದು. ಆದರೆ ಸುಳ್ಳು ಹೇಳಿ ದೇವರ ಪಾಠ ಮಾಡಲಾದೀತೇ? "ಹೌದು ಮಗಾ," ಎಂದೆ, "ಶಿಲುಬೆಯೂ ತೋಪೂ ಒಂದೇ ಹಡಗಿನಲ್ಲಿ ಬಂದವು. ಆದರೆ ನಮ್ಮ ಹಿರಿಯರಲ್ಲಿ ಅನೇಕರು ಅದೇ ಆಳರಸರ ತೆರಿಗೆಗೂ ಧರ್ಮವಿಚಾರಣೆಗೂ ಬೆದರಿ, ಗೋವೆಯನ್ನು ಬಿಟ್ಟು ಅನ್ನ ಅರಸುತ್ತ ಈ ಸೀಮೆಗೆ ಬಂದವರು. ಅವರಿಗೆ ನೆಲೆ ಕೊಟ್ಟದ್ದು ಇಲ್ಲಿನ ಅರಸರು, ಇಲ್ಲಿನ ಗದ್ದೆಗಳು."

ಅವನು ಕುಳಿತುಕೊಳ್ಳಲಿಲ್ಲ. ಸ್ವಲ್ಪ ಯೋಚಿಸಿ ಮತ್ತೆ ಕೇಳಿದ: "ಆ ಹಲರ ಸಭೆಯಲ್ಲಿ ಗದ್ದೆ ಉತ್ತವರಿಗೂ ಮಾತಿತ್ತೇ ಟೀಚರ್?"

ಅಷ್ಟರಲ್ಲಿ ಪೂಜೆಯ ಗಂಟೆ ಬಾರಿಸಿತು. ಮಕ್ಕಳು ಸಾಲಾಗಿ ಹೊರಟರು. ಅವನು ಮಾತ್ರ ಬಾಗಿಲಲ್ಲಿ ನನಗಾಗಿ ಕಾದು ನಿಂತಿದ್ದ.